ನಿಧನ ಮತ್ತು ಪುಣ್ಯಸ್ಮರಣೆಯ ನಡುವಿನ ತಿಂಗಳುಗಳು

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರತಿದಿನ ‘ನಿಧನ’ ಎಂಬ ಶೀರ್ಷಿಕೆಯ ಕೆಳಗೆ ಐದಾರು ಸಾಲಿನ ಸುದ್ದಿಗಳು ಬರುತ್ತವೆ: ಹೆಸರು, ವಯಸ್ಸು, ಮೃತರಿಗೆ ಯಾರ್ಯಾರಿದ್ದಾರೆ, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ. ಅದೇ ಪುಟದ ಇನ್ನೊಂದು ಮೂಲೆಯಲ್ಲಿ, ಚೌಕಟ್ಟಿನೊಳಗೆ ಭಾವಚಿತ್ರವಿರುವ ‘ಪ್ರಥಮ ವರ್ಷದ ಪುಣ್ಯಸ್ಮರಣೆ’ಯ ಜಾಹೀರಾತುಗಳಿರುತ್ತವೆ. ನಲವತ್ತು ವರ್ಷಗಳಿಂದ ಈ ಎರಡನ್ನೂ ನೋಡುತ್ತ ಬಂದಿದ್ದರೂ ಅವುಗಳ ನಡುವೆ ಸುಮಾರು ಹನ್ನೆರಡು ತಿಂಗಳು ಹರಡಿಕೊಂಡಿರುತ್ತವೆ ಎಂಬುದು, ಕಳೆದ ವರ್ಷ ಶ್ರಾವಣದ ಕೊನೆಯ ವಾರ ನನ್ನ ಹೆಂಡತಿ ತೀರಿಕೊಂಡ ಮೇಲೆಯೇ ನನಗೆ ತಿಳಿದದ್ದು. ಆ ತಿಂಗಳುಗಳ ಬಗ್ಗೆ, ಮತ್ತು ತಮ್ಮ ಪತ್ರಿಕೆ ಮಾಡಬಹುದಾದ ಒಂದೆರಡು ಸಣ್ಣ ಕೆಲಸಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಗದಗ-ಬೆಟಗೇರಿಯಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಹೆಂಡತಿಗೆ 61 ವರ್ಷ ವಯಸ್ಸಾಗಿತ್ತು. ನಮ್ಮ ಅವಳಿ ನಗರದಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾಯಬೇಕಾಗುವುದು ಓದುಗರಿಗೆ ಹೊಸ ಸಂಗತಿಯಲ್ಲ. ಅಂಥ ಒಂದು ನೀರಿನ ದಿನ, ನಸುಕಿನ ನಾಲ್ಕು ಗಂಟೆಗೆ ಎದ್ದು ಕೊಡಗಳನ್ನು ತುಂಬಿಸುತ್ತಿದ್ದವಳು ಹಾಗೆಯೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವವಾಗಿದೆ ಎಂದರು. ಹುಬ್ಬಳ್ಳಿಗೆ ಒಯ್ದೆವು. ಮೂರನೆಯ ದಿನ ಮನೆಗೆ ತಂದದ್ದು ಅವಳ ದೇಹವನ್ನು.

ಮುಂದಿನ ಹನ್ನೊಂದು ದಿನಗಳ ಬಗ್ಗೆ ನನ್ನಲ್ಲಿರುವುದು ಕೃತಜ್ಞತೆಯೇ, ಅದನ್ನು ಮೊದಲು ಹೇಳಬೇಕು. ಸಾವಿನ ಮನೆಯನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಕಡೆಯ ಜನ ಇನ್ನೂ ಉಳಿಸಿಕೊಂಡಿರುವ ದೊಡ್ಡ ಗುಣ. ದೇಹ ಬರುವ ಮೊದಲೇ ಓಣಿಯ ಹುಡುಗರು ಅಂಗಳಕ್ಕೆ ತಾಡಪತ್ರಿ ಕಟ್ಟಿದ್ದರು. ಭಜನಾ ಮೇಳದವರು ಕರೆಯದೆಯೇ ಬಂದು ಬೆಳಗಿನ ತನಕ ತತ್ವಪದ ಹಾಡಿದರು. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಹಗಲು ಪೂರ್ತಿ ಕೇಳುವ ಮಗ್ಗದ ಸದ್ದು ನಮ್ಮ ಸಾಲಿನಲ್ಲಿ ಮಣ್ಣು ಮುಗಿಯುವವರೆಗೆ ನಿಂತಿತ್ತು. ಅಂದಂದಿನ ದುಡಿಮೆಯ ಮೇಲೆ ಬದುಕುವವರು ಮಗ್ಗ ನಿಲ್ಲಿಸಿ ಕುಳಿತುಕೊಳ್ಳುವುದೆಂದರೆ ಏನೆಂದು ಅವರ ನಡುವೆ ಬಾಳಿದವರಿಗೆ ಗೊತ್ತು. ನಮ್ಮ ಒಲೆ ಹೊತ್ತಲಿಲ್ಲ, ನಾವು ಉಪವಾಸವೂ ಇರಲಿಲ್ಲ. ಒಂದೊಂದು ಹೊತ್ತಿಗೆ ಒಂದೊಂದು ಮನೆಯಿಂದ ರೊಟ್ಟಿ, ಪಲ್ಯ, ಅನ್ನ ಬಂದವು.

ಅಂತ್ಯಕ್ರಿಯೆಗೆ ಹೋಗುವುದಕ್ಕೆ ನಮ್ಮ ಭಾಗದಲ್ಲಿ ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಆಮೇಲೆ ಆ ಮನೆಗೆ ಹೋಗಿ, ಸ್ವಲ್ಪ ಹೊತ್ತು ಚಾಪೆಯ ಮೇಲೆ ಕುಳಿತು, ‘ಬರ್ತೀವಿ’ ಎಂದು ಹೇಳದೆ ಎದ್ದು ಬರುವುದಕ್ಕೆ ‘ಮಾತಾಡಿಸಿ ಬರುವುದು’ ಎನ್ನುತ್ತೇವೆ. ಸಂತಾಪ, ಸಾಂತ್ವನ ಎಂಬ ಪುಸ್ತಕದ ಮಾತುಗಳಿಗಿಂತ ಈ ಮಾತೇ ನನಗೆ ಹೆಚ್ಚು ಸರಿಯೆನ್ನಿಸುತ್ತದೆ, ಏಕೆಂದರೆ ದುಃಖವನ್ನು ಶಮನ ಮಾಡಿಬಿಡುತ್ತೇನೆಂಬ ಹಮ್ಮು ಇದರಲ್ಲಿಲ್ಲ. ದುಃಖದಲ್ಲಿರುವವರ ಬಾಯಿಂದ ನಾಲ್ಕು ಮಾತು ಹೊರಡಿಸುವುದಷ್ಟೇ ಇದರ ಕೆಲಸ. ಆದರೆ ಈಗೀಗ ನಾವು ಮಾತಾಡಿಸಲು ಹೋಗಿ ನಾವೇ ಮಾತಾಡಿ ಬರುತ್ತಿದ್ದೇವೆ.

ಆ ದಿನಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು, ‘ಪುಣ್ಯವಂತ್ರು ಬಿಡ್ರಿ ಸರ, ಮುತ್ತೈದಿಯಾಗಿ ಹ್ವಾದ್ರು’ ಎಂಬುದು. ಹೇಳಿದವರ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನನ್ನ ಪಕ್ಕದಲ್ಲಿಯೇ ನನ್ನ ಅಕ್ಕ ಕುಳಿತಿದ್ದಳು. ಅವಳ ಗಂಡ ತೀರಿಕೊಂಡು 22 ವರ್ಷಗಳಾದವು. ಆ ಹನ್ನೊಂದು ದಿನ ನಮ್ಮ ಮನೆಯ ಭಾರವನ್ನೆಲ್ಲ ಹೊತ್ತವಳು ಅವಳು. ಬಂದವರಿಗೆ ನೀರು ಕೊಟ್ಟವಳು, ನನಗೆ ಎರಡು ತುತ್ತು ಉಣ್ಣಿಸಿದವಳು ಅವಳು. ಆ ಮಾತು ಬಂದಾಗಲೆಲ್ಲ ಅವಳು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ಹೆಂಡತಿ ಮೊದಲು ಹೋಗುವುದು ಪುಣ್ಯವಾದರೆ, ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಿ ದಡ ಮುಟ್ಟಿಸಿದ ಹೆಣ್ಣಿನ ಬಾಳಿಗೆ ನಾವು ಯಾವ ಹೆಸರು ಕೊಡುತ್ತಿದ್ದೇವೆ? ಈ ಒಂದು ಮಾತನ್ನು ನಮ್ಮ ಬಾಯಿಂದ ಬಿಟ್ಟುಬಿಡಬೇಕೆಂದು ಹಿರಿಯರನ್ನೂ ಕಿರಿಯರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಅಕ್ಕನ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಅವಳ ಗಂಡ ಹೋದಾಗ ಬ್ಯಾಂಕು, ಕಚೇರಿ, ಮಕ್ಕಳ ಶಾಲೆ ಎಂದು ನಾನು ತಿಂಗಳುಗಟ್ಟಲೆ ಓಡಾಡಿದ್ದೆ. ಆದರೆ ‘ಮಾಮಾರ ನೆನಪು ಬರ್ತದೇನಕ್ಕಾ’ ಎಂದು ಒಂದು ದಿನವೂ ಕೇಳಿರಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಯಿತು. ಹನ್ನೆರಡನೆಯ ದಿನ ಬಾಡಿಗೆಯ ಪಾತ್ರೆಗಳೂ ಕುರ್ಚಿಗಳೂ ಹೋದವು. ಹದಿನಾಲ್ಕನೆಯ ದಿನ ಮಗ ಪುಣೆಗೆ, ಮಗಳು ಬೆಂಗಳೂರಿಗೆ ಹೊರಟರು. ಅವರವರ ನೌಕರಿಯಲ್ಲಿ ಅದಕ್ಕಿಂತ ಹೆಚ್ಚು ರಜೆ ಇರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನನಗೆ ಅಳುವುದಕ್ಕೆ ಪುರಸೊತ್ತೇ ಸಿಕ್ಕಿರಲಿಲ್ಲ. ಅವಳು ಇಲ್ಲ ಎಂಬುದು ನನಗೆ ಗೊತ್ತಾದದ್ದು ಮುಂದಿನ ನೀರಿನ ದಿನ. ನೀರು ಬರುವ ಮೊದಲು ನಳದಲ್ಲಿ ಗಾಳಿ ಹೊರಡುವ ಸದ್ದಿಗೆ ಎಚ್ಚರವಾಯಿತು. ಅವಳು ಏಳುತ್ತಾಳೆಂದು ಕಾಯುತ್ತ ಮಲಗಿಯೇ ಇದ್ದೆ. ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿಯತೊಡಗಿದ ಮೇಲೆ ಎದ್ದು ಹೋಗಿ ನಳ ಬಂದ್ ಮಾಡಿ, ಅಲ್ಲಿಯೇ ಕಟ್ಟೆಯ ಮೇಲೆ ಬೆಳಕು ಹರಿಯುವವರೆಗೆ ಕುಳಿತೆ. ಅಂದಿನಿಂದ ಇಂದಿನವರೆಗೆ ನೀರು ಬಂದ ಯಾವ ನಸುಕೂ ನನಗೆ ಸುಲಭವಾಗಿಲ್ಲ. ಆಗ ಮಾತಾಡಿಸಲು ಬರುವವರು ಯಾರೂ ಇರಲಿಲ್ಲ, ಏಕೆಂದರೆ ಬರಬೇಕಾದವರೆಲ್ಲ ಬಂದು ಹೋಗಿದ್ದರು.

ನಮ್ಮ ವಯಸ್ಸಿನ ಗಂಡಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯ ದಿನ ಹೆಣ್ಣುಮಕ್ಕಳು ಬಾಗಿಲು ಕಟ್ಟಿ ಒಡಪು ಹೇಳಿಸಿದಾಗ ನಾನು ಅವಳ ಹೆಸರನ್ನು ಎಲ್ಲರೆದುರು ಹೇಳಿದ್ದೆ. ಆನಂತರದ 38 ವರ್ಷಗಳಲ್ಲಿ ಅದು ನನ್ನ ಬಾಯಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಅವಳು ಹೋದ ಮೇಲೆ ಅದೇ ಹೆಸರನ್ನು ಎಷ್ಟು ಅರ್ಜಿಗಳಲ್ಲಿ ಬರೆದೆನೋ ಲೆಕ್ಕವಿಲ್ಲ. ಜನನ ಮತ್ತು ಮರಣ ನೋಂದಣಿಯ 1969ರ ಕಾಯ್ದೆಯ ಪ್ರಕಾರ ಸಾವಿನ ಮಾಹಿತಿಯನ್ನು 21 ದಿನಗಳೊಳಗೆ ನೀಡಬೇಕು. ಮರಣ ಪ್ರಮಾಣಪತ್ರ ಕೈಗೆ ಬಾರದೆ ಬ್ಯಾಂಕಿನ ಖಾತೆಯಾಗಲಿ, ಪಡಿತರ ಚೀಟಿಯಾಗಲಿ ಮುಂದೆ ಸಾಗುವುದಿಲ್ಲ. ತವರಿನಿಂದ ಅವಳಿಗೆ ಬಂದಿದ್ದ ಒಂದೂವರೆ ಎಕರೆ ಎರಿ ಹೊಲದ ಉತಾರದಲ್ಲಿ ಮಕ್ಕಳ ಹೆಸರು ಏರಿಸಲು ವಂಶಾವಳಿ ತೆಗೆಸಿ ಪೌತಿ ಖಾತೆಗೆ ಕೊಡಬೇಕಾಯಿತು. ಇವೆಲ್ಲ ಆಗಲೇಬೇಕಾದ ಕೆಲಸಗಳು, ಅವುಗಳ ಬಗ್ಗೆ ನನ್ನ ದೂರಿಲ್ಲ. ಒಂದು ಕಚೇರಿಯಲ್ಲಿ ಮಾತ್ರ ಸಿಬ್ಬಂದಿಯೊಬ್ಬರು ನನ್ನ ಅರ್ಜಿಯನ್ನು ತಿರುಗಿ ಕೊಟ್ಟು, ಮುಖ ಎತ್ತದೆ, ‘ಹೆಸರಿನ ಮುಂದ ಮಯತ ಅಂತ ಬರೀರಿ’ ಎಂದರು. ತೀರಿಕೊಂಡವರು ಎಂಬುದಕ್ಕೆ ಹಳೆಯ ದಾಖಲೆಗಳ ಭಾಷೆ ಅದು. ಬರೆದುಕೊಟ್ಟು ಹೊರಗೆ ಬಂದೆ. ಬಸ್ಸು ಹಿಡಿಯುವ ಶಕ್ತಿ ಬರಲು ಒಂದು ತಾಸು ಬೇಕಾಯಿತು. ಆ ದಿನದವರೆಗೆ ಓಣಿಯಲ್ಲಾಗಲಿ ಬಳಗದಲ್ಲಾಗಲಿ ಯಾರೂ ಅವಳ ಹೆಸರನ್ನು ನನ್ನೆದುರು ಎತ್ತಿರಲಿಲ್ಲ. ಎತ್ತಿದರೆ ನನಗೆ ನೋವಾದೀತೆಂಬ ಕಾಳಜಿ ಅವರದು. ಹೀಗಾಗಿ ಅವಳ ಹೆಸರು ಉಳಿದದ್ದು ಅರ್ಜಿಗಳಲ್ಲಿ, ಅದೂ ಆ ಒಂದು ಶಬ್ದದ ಜೊತೆಗೆ.

ಆಮೇಲೆ ದಸರೆ ಬಂತು. ವಿಜಯದಶಮಿಯ ಸಂಜೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತ ಮನೆಮನೆಗೆ ಹೋಗಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುವುದು ನಮ್ಮಲ್ಲಿ ಎಲ್ಲರಿಗೂ ಪ್ರಿಯವಾದ ರೂಢಿ. ಶಿಕ್ಷಕರ ಮನೆಯೆಂದು ನಮ್ಮಲ್ಲಿಗೆ ಹಳೆಯ ವಿದ್ಯಾರ್ಥಿಗಳೂ ಓಣಿಯ ಮಕ್ಕಳೂ ಗುಂಪುಗುಂಪಾಗಿ ಬರುತ್ತಿದ್ದರು, ಅವರಿಗಾಗಿ ಅವಳು ಎರಡು ದಿನ ಮೊದಲೇ ಡಬ್ಬಿ ತುಂಬ ಕರಚಿಕಾಯಿ ಮಾಡಿಡುತ್ತಿದ್ದಳು. ಕಳೆದ ದಸರೆಯ ಸಂಜೆ ನಾನು ಪಡಸಾಲೆಯ ದೀಪ ಹಚ್ಚಿ, ಬಾಗಿಲು ತೆರೆದು ಕುಳಿತಿದ್ದೆ. ಹೊರಗೆ ಮಕ್ಕಳ ಕಾಲ ಸಪ್ಪಳ ಬಾಗಿಲ ತನಕ ಬಂದು ನಿಂತಿತು. ‘ಆ ಮನ್ಯಾಗ ಹಬ್ಬ ಇಲ್ಲ, ನಡೀರಿ’ ಎಂದು ತಾಯಿಯೊಬ್ಬರು ಮೆಲುದನಿಯಲ್ಲಿ ಹೇಳಿದರು, ಸಪ್ಪಳ ಮುಂದೆ ಹೋಯಿತು. ಆ ತಾಯಿ ಮಾಡಿದ್ದು ಮರ್ಯಾದೆಯ ಕೆಲಸ. ಸಾವಾದ ಮನೆಗೆ ಹಬ್ಬವನ್ನು ಒಯ್ಯಬಾರದೆಂದು ಅವರಿಗೆ ಅವರ ಹಿರಿಯರು ಕಲಿಸಿರುತ್ತಾರೆ. ಆದರೆ ಹಬ್ಬವಿಲ್ಲದ ಮನೆಗೆ ಅದೇ ಸಂಜೆ ಬರಿಗೈಯಲ್ಲಿ ಹೋಗಿ ಅರ್ಧ ತಾಸು ಕುಳಿತು ಬರಬೇಕೆಂಬ ಇನ್ನೊಂದು ಪಾಠವನ್ನೂ ಅವರು ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ರಾತ್ರಿ ದೀಪ ಆರಿಸುವಾಗ ಅನ್ನಿಸಿತು.

ದೀಪಾವಳಿಯ ರಜೆಗೆ ಆರು ವರ್ಷದ ಮೊಮ್ಮಗ ಬಂದ. ಅಜ್ಜಿ ದೇವರ ಊರಿಗೆ ಹೋಗಿದ್ದಾಳೆಂದು ಅವನಿಗೆ ನಾವೇ ಹೇಳಿದ್ದೆವು. ‘ಅಜ್ಜಾ, ದೇವರ ಊರಿಗೆ ಗದಗ ಸ್ಟೇಷನ್ನಿಂದ ಟ್ರೇನ್ ಇದೆಯಾ?’ ಎಂದು ಅವನು ಕೇಳಿದಾಗ ನಾವು ಮಾಡಿದ ತಪ್ಪು ಅರಿವಿಗೆ ಬಂತು. ಮಕ್ಕಳು ನಮ್ಮ ಮಾತನ್ನು ಅಕ್ಷರಶಃ ನಂಬುತ್ತಾರೆ. ಊರಿಗೆ ಹೋದವಳು ಏಕೆ ಫೋನ್ ಮಾಡುವುದಿಲ್ಲ, ತನ್ನ ಮೇಲೆ ಸಿಟ್ಟಾಗಿದ್ದಾಳೆಯೇ ಎಂದು ಆ ಹುಡುಗ ಎರಡು ತಿಂಗಳು ಒಳಗೇ ಕೊರಗಿದ್ದ. ಮರುದಿನ ಅವನನ್ನು ಸಮಾಧಿಯ ಹತ್ತಿರ ಕರೆದೊಯ್ದು, ಅಜ್ಜಿಯ ದೇಹ ಕೆಲಸ ಮಾಡುವುದು ನಿಂತಿತು, ಅವಳು ಸತ್ತಳು, ತಿರುಗಿ ಬರುವುದಿಲ್ಲ, ಇಲ್ಲಿ ಮಣ್ಣು ಮಾಡಿದ್ದೇವೆ ಎಂದು ನೇರವಾಗಿ ಹೇಳಿದೆ. ಎರಡೇ ಪ್ರಶ್ನೆ ಕೇಳಿದ. ಆ ರಾತ್ರಿಯಿಂದ ಊಟಕ್ಕೆ ಕುಳಿತಾಗಲೆಲ್ಲ ‘ಅಜ್ಜಿ ಹೀಗೆ ಮಾಡ್ತಿದ್ಲು’ ಎಂದು ಅವಳ ಮಾತನ್ನು ತಾನಾಗಿಯೇ ತೆಗೆಯತೊಡಗಿದ.

ಅವನು ಹೋದ ಮೇಲೆ ಮನೆ ಮತ್ತೆ ಮೌನವಾಯಿತು. ನಿದ್ದೆ ಬಿಟ್ಟುಹೋಗಿತ್ತು. ಎದೆ ಬಿಗಿಯುತ್ತದೆಂದು ದವಾಖಾನೆಗೆ ಹೋದರೆ ಇಸಿಜಿಯಲ್ಲಿ ಏನೂ ಇಲ್ಲ ಎಂದರು. ನಾನೂ ಹೋಗಿಬಿಟ್ಟರೆ ಯಾರಿಗೇನು ನಷ್ಟ ಎಂಬ ವಿಚಾರ ಮೊದಲು ಯಾವಾಗಲೋ ಒಮ್ಮೆ, ಆಮೇಲೆ ದಿನವೂ ಬರತೊಡಗಿತು. ಪುಷ್ಯ ಮಾಸದ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಮಗಳು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗಿದ್ದ 14416 ಎಂಬ ಸಂಖ್ಯೆಗೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ. ಹಗಲೂ ರಾತ್ರಿಯೂ ತೆರೆದಿರುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಆ ಕಡೆ ಒಬ್ಬ ಹೆಣ್ಣುಮಗಳ ದನಿ. ಧೈರ್ಯ ತಂದುಕೊಳ್ಳಿ ಎಂದು ಆಕೆ ಹೇಳಲಿಲ್ಲ. ನಾನು ತಡವರಿಸುತ್ತ ನಾಲ್ಕು ಮಾತು ಹೇಳಿ ನಿಲ್ಲಿಸಿದಾಗ, ‘ಅವರ ಹೆಸರೇನು ಸರ್?’ ಎಂದು ಕೇಳಿದರು. ಬಾಯಿ ತೆರೆದು ಹೇಳಿದೆ. ಅವಳು ತೀರಿಕೊಂಡ ಮೇಲೆ ನಾನು ಅದನ್ನು ದನಿಯೆತ್ತಿ ಹೇಳಿದ್ದು ಅದೇ ಮೊದಲು. ಆಮೇಲೆ ಎಷ್ಟು ಹೊತ್ತು ಅತ್ತೆನೋ, ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಆಕೆ ಫೋನ್ ಇಡಲಿಲ್ಲ.

ಅವರ ಸಲಹೆಯಂತೆ ಧಾರವಾಡದ ಡಿಮ್ಹಾನ್ಸ್‌ಗೆ ಹೋದೆ. ಬ್ರಿಟಿಷರ ಕಾಲದ ಆ ಮಾನಸಿಕ ಆರೋಗ್ಯ ಸಂಸ್ಥೆಯ ಬಗ್ಗೆ ನಮ್ಮಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದು ಹಂಗಿಸುವ ಮಾತೊಂದು ಇನ್ನೂ ಓಡಾಡುತ್ತದೆ. ಆ ಮಾತಿನ ಭಯಕ್ಕೆ ಎಷ್ಟು ಜನ ಗದಗ, ಹಾವೇರಿಗಳಿಂದ ಅಲ್ಲಿಯವರೆಗೆ ಹೋಗದೆ ಉಳಿದಿರಬಹುದೋ ಎಂದು ಸಂಕಟವಾಗುತ್ತದೆ. ಅಲ್ಲಿ ವೈದ್ಯರು ಹೇಳಿದ್ದು ಸರಳವಾಗಿತ್ತು. ದುಃಖವೆಂಬುದು ರೋಗವಲ್ಲ, ಬಹಳ ಜನರಿಗೆ ಅದಕ್ಕೆ ಔಷಧಿಯೂ ಬೇಕಾಗಿಲ್ಲ, ಜನರ ಒಡನಾಟದಲ್ಲಿ ಅದು ತನ್ನಷ್ಟಕ್ಕೆ ಹಗುರಾಗುತ್ತ ಹೋಗುತ್ತದೆ. ಆದರೆ ಕೆಲವರಲ್ಲಿ ಅದು ಹಾಗೆಯೇ ಗಟ್ಟಿಯಾಗಿ ನಿಂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದರಲ್ಲಿ ಇಂಥ ದೀರ್ಘಕಾಲದ ಶೋಕಕ್ಕೆ ಪ್ರತ್ಯೇಕ ಸ್ಥಾನ ಕೊಡಲಾಗಿದೆ: ಆರು ತಿಂಗಳು ಕಳೆದರೂ, ಆ ಸಮಾಜದ ರೂಢಿಯನ್ನು ಮೀರಿ, ಅಗಲಿದವರ ಹಂಬಲವೊಂದೇ ಉಳಿದು ದಿನದ ಬದುಕು ನಡೆಯದಂತಾದರೆ ಚಿಕಿತ್ಸೆ ಬೇಕು. ಅಮೆರಿಕದ ಮನೋವೈದ್ಯರು ವಯಸ್ಕರಿಗೆ ಇಟ್ಟುಕೊಂಡಿರುವ ಅವಧಿ ಹನ್ನೆರಡು ತಿಂಗಳು. ಸಾಯುವ ವಿಚಾರ ಬಂದರೆ ಮಾತ್ರ ಯಾವ ಲೆಕ್ಕವನ್ನೂ ಕಾಯದೆ ಅದೇ ದಿನ ಯಾರಿಗಾದರೂ ಹೇಳಬೇಕು ಎಂದು ಧಾರವಾಡದ ವೈದ್ಯರು ಒತ್ತಿ ಹೇಳಿದರು.

ದುಃಖಕ್ಕೆ ಐದು ಹಂತಗಳಿವೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಾನು ಯಾವ ಹಂತದಲ್ಲಿದ್ದೇನೆ, ಏಕೆ ಮುಂದಿನದಕ್ಕೆ ಹೋಗುತ್ತಿಲ್ಲ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಎಲಿಜಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಗುಣವಾಗದ ರೋಗದಿಂದ ಸಾವನ್ನು ಎದುರಿಸುತ್ತಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖಕ್ಕೆ ಅದು ವೇಳಾಪಟ್ಟಿಯಲ್ಲ. ಇದನ್ನು ತಿಳಿದ ದಿನ ಮನಸ್ಸಿಗೆ ಬಹಳ ನೆಮ್ಮದಿಯಾಯಿತು.

ಮಾತಾಡಿಸಲು ಬಂದವರಲ್ಲಿ ಅನೇಕರು ನನಗೆ ಕಿಸಾಗೋತಮಿಯ ಕಥೆ ಹೇಳಿದ್ದರು. ಸಾವಿಲ್ಲದ ಮನೆಯ ಸಾಸಿವೆಯ ಆ ಕಥೆಯನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು, ಸಾವು ಎಲ್ಲರಿಗೂ ಉಂಟು ಎಂದು ಮುಗಿಸಿದವನು. ಈಗ ಆ ಕಥೆ ನನಗೆ ಬೇರೆಯಾಗಿ ಕಾಣುತ್ತಿದೆ. ಸಾವು ಎಲ್ಲರಿಗೂ ಉಂಟು ಎಂಬ ಮಾತನ್ನು ಬುದ್ಧ ಕುಳಿತಲ್ಲಿಯೇ ಹೇಳಿ ಆ ತಾಯಿಯನ್ನು ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ ಅವಳನ್ನು ಮನೆಯಿಂದ ಮನೆಗೆ ನಡೆಸಿದ. ಪ್ರತಿ ಬಾಗಿಲಲ್ಲಿಯೂ ಯಾರೋ ಒಬ್ಬರು ತಮ್ಮ ಮಗನ, ತಮ್ಮ ತಾಯಿಯ, ತಮ್ಮ ಗಂಡನ ಸಾವನ್ನು ಅವಳಿಗೆ ಹೇಳಿರಬೇಕು; ಅವಳೂ ತನ್ನ ಮಗುವಿನದನ್ನು ಹೇಳಿರಬೇಕು. ಆ ಊರಿನಲ್ಲಿ ಅಂದು ಅವಳು ಎಲ್ಲ ಮನೆಗಳನ್ನೂ ಮಾತಾಡಿಸಿ ಬಂದಳು.

ಅಗಲಿದವರನ್ನು ಹೆಸರು ಹಿಡಿದು ನೆನೆಯುವುದು ನಮಗೆ ಹೊಸದೂ ಅಲ್ಲ. ನಮ್ಮ ಹಳ್ಳಿಗಳ ಹಿರಿಯ ಹೆಣ್ಣುಮಕ್ಕಳು ಹೆಣದ ಮುಂದೆ ಕುಳಿತು, ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿ ಅಳುತ್ತಿದ್ದರು. ಓದಿದವರಾದ ನಾವು ನಾಚಿಕೊಂಡು ಅದನ್ನು ನಿಲ್ಲಿಸಿದೆವು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರನ್ನು ನೆನೆದು ಮೊಹರಂನಲ್ಲಿ ರಿವಾಯತ ಪದ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಹಾಡುವುದು ಕನ್ನಡದಲ್ಲಿ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ 1944ರಲ್ಲಿ ಅಗಲಿದ ಪಂಚಾಕ್ಷರಿ ಗವಾಯಿಗಳನ್ನೂ 2010ರ ಸೆಪ್ಟೆಂಬರ್ 17ರಂದು ಅಗಲಿದ ಪುಟ್ಟರಾಜ ಗವಾಯಿಗಳನ್ನೂ ಇಂದಿಗೂ ಸಂಗೀತದಿಂದಲೇ ನೆನೆಯುತ್ತಾರೆ. ನಮ್ಮ ಪಕ್ಕದ ಮನೆಯ ಮುಸ್ಲಿಂ ಕುಟುಂಬದವರು ಸಾವಾದ ನಲವತ್ತನೆಯ ದಿನ ಮತ್ತೆ ಎಲ್ಲರನ್ನೂ ಸೇರಿಸುತ್ತಾರೆ. ನನ್ನ ಹೆಂಡತಿ ತೀರಿಕೊಂಡ ನಲವತ್ತನೆಯ ದಿನ ಆ ಮನೆಯ ಅಜ್ಜ ಒಬ್ಬರೇ ನಮ್ಮ ಪಡಸಾಲೆಗೆ ಬಂದು ಅರ್ಧ ತಾಸು ಸುಮ್ಮನೆ ಕುಳಿತು ಹೋಗಿದ್ದರು. ಅವರು ಏಕೆ ಬಂದಿದ್ದರೆಂದು ನನಗೆ ತಿಳಿದದ್ದು ತಿಂಗಳುಗಳ ನಂತರ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ‘ನಿಧನ’ ಅಂಕಣದ ಕೆಳಗೆ ಪ್ರತಿದಿನ ಒಂದು ಸಾಲಿನಲ್ಲಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅಚ್ಚು ಮಾಡಿರಿ. ಆ ಅಂಕಣವನ್ನು ಆ ದಿನ ಯಾರು ಓದುತ್ತಾರೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು, ವಾರಕ್ಕೊಮ್ಮೆ ಅಂಗೈಯಷ್ಟು ಜಾಗ ಬಿಟ್ಟುಕೊಡಿರಿ. ಸಾವಾಗಿ ಮೂರು ತಿಂಗಳಿಗೋ ಏಳು ತಿಂಗಳಿಗೋ, ಮನೆಯವರು ತಮ್ಮವರ ಬಗ್ಗೆ ನೂರು ಪದ ಬರೆದು ಕಳಿಸಲಿ: ಅವರು ಏನು ಉಣ್ಣಲು ಇಷ್ಟಪಡುತ್ತಿದ್ದರು, ಯಾವ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅದಕ್ಕೆ ಹಣ ತೆಗೆದುಕೊಳ್ಳಬೇಡಿರಿ. ಪುಣ್ಯಸ್ಮರಣೆಯ ಜಾಹೀರಾತು ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ನಮ್ಮ ಓಣಿಯ ಕೊನೆಯ ಮನೆಯ ನೇಕಾರನೊಬ್ಬ ತೀರಿಕೊಂಡು ಇಂದಿಗೆ 47 ದಿನ. ಹೆಂಡತಿ ಈಗ ಅದೇ ಮಗ್ಗದ ಮೇಲೆ ಒಬ್ಬಳೇ ಕೂಡ್ರುತ್ತಾಳೆ. ಮಣ್ಣಿಗೆ ಹೋಗಿದ್ದೆ, ಆಮೇಲೆ ಆ ಬಾಗಿಲಿಗೆ ಹೋಗಿಲ್ಲ. ನಾಳೆ ಸಂಜೆ ಅಕ್ಕನನ್ನು ಕರೆದುಕೊಂಡು ಹೋಗುವವನಿದ್ದೇನೆ. ಆತ ಪ್ರತಿವರ್ಷ ಕಾರಹುಣ್ಣಿಮೆಗೆ ಓಣಿಯ ಮಕ್ಕಳ ಗಾಳಿಪಟಕ್ಕೆಂದು ಉಳಿಕೆ ದಾರವನ್ನು ಬಣ್ಣಬಣ್ಣದ ಉಂಡೆ ಸುತ್ತಿ ಕಿಟಕಿಯಲ್ಲಿ ಇಟ್ಟಿರುತ್ತಿದ್ದ, ನನ್ನ ಮಗನೂ ಚಿಕ್ಕವನಿದ್ದಾಗ ಅಲ್ಲಿಂದಲೇ ಒಯ್ಯುತ್ತಿದ್ದ. ಅದನ್ನು ಆ ಹೆಣ್ಣುಮಗಳಿಗೆ ಹೇಳಬೇಕಾಗಿದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಬೆಟಗೇರಿ, ಗದಗ